ಹಳೇ ಬಸ್ಸಿನ ಏರ್ ಡ್ರೈಯರ್ ಹೀಟರ್ ಬೆಚ್ಚಗಿದೆ, ಆದರೂ ವಾಲ್ವ್ ಹೆಪ್ಪುಗಟ್ಟುತ್ತಿದೆ

ಹಳದಿ ಬಸ್ಸು (ಮಿನೆಸೋಟ) · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಡೀಸೆಲ್ ಗಾಡಿಗಳ ಒಳಹೊರಗು ಗೊತ್ತಿರುವವರು ಇಲ್ಲಿ ಒಂದಿಬ್ಬರಾದರೂ ಇದ್ದಾರೆ ಅಂತ ಹಳೇ ಚರ್ಚೆಗಳನ್ನು ಓದಿ ಗೊತ್ತಾಯಿತು. ಅದಕ್ಕೇ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನಮ್ಮ ಹತ್ತಿರ 1995ರ ಬ್ಲೂ ಬರ್ಡ್ ಸ್ಕೂಲ್ ಬಸ್ ಇದೆ. ಮೂರು ವರ್ಷದ ಹಿಂದೆ ತಗೊಂಡು, ಸೀಟೆಲ್ಲ ಕಿತ್ತು, ಮಂಚ, ಒಲೆ, ಒಂದು ಪುಟ್ಟ ಕಟ್ಟಿಗೆ ಒಲೆ ಕೂರಿಸಿ ಓಡಾಡುವ ಮನೆ ಮಾಡಿಕೊಂಡಿದ್ದೇವೆ. ಏರ್ ಬ್ರೇಕ್ ಗಾಡಿ, ಅಂದರೆ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯ ಒತ್ತಡದಿಂದ ಬ್ರೇಕ್ ನಡೆಯುವುದು; 12 ವೋಲ್ಟ್. ಚಾಸಿ ಪಕ್ಕದಲ್ಲಿ ಬೆಂಡಿಕ್ಸ್ ಎಡಿ-9 ಅನ್ನುವ ಏರ್ ಡ್ರೈಯರ್, ಅಂದರೆ ಆ ಗಾಳಿಯಿಂದ ನೀರು ತೆಗೆಯುವ ಡಬ್ಬಿ, ನೇತಾಡುತ್ತಿದೆ. ಇದು ಬಸ್ಸಿನ ಜೊತೆ ಬಂದದ್ದಲ್ಲ, ಹಿಂದಿನ ಮಾಲೀಕರು ಯಾವಾಗಲೋ ಹಾಕಿಸಿದ್ದು.

ಕಳೆದ ವಾರ ಡುಲುತ್ ದಾಟಿ ಸುಪೀರಿಯರ್ ಸರೋವರದ ದಂಡೆಯಲ್ಲಿ 61ನೇ ಹೆದ್ದಾರಿ ಹಿಡಿದು ಹೋಗಿದ್ದೆವು. ರಾತ್ರಿ ಮೈನಸ್ 24 ಡಿಗ್ರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟ್ಯಾಂಕಿನಲ್ಲಿ ಏರ್ ಒತ್ತಡ ಏರುತ್ತಲೇ ಇಲ್ಲ. ಮುಳ್ಳು 50 ಪಿಎಸ್‌ಐ ಹತ್ತಿರ ನಿಂತುಬಿಟ್ಟಿದೆ. ಬಜರ್ ಒಂದೇ ಸಮನೆ ಕೂಗುತ್ತಿದೆ. ಕೆಳಗಿಳಿದು ನೋಡಿದರೆ ಡ್ರೈಯರಿನ ತಳದಿಂದ ಸುಯ್ ಅಂತ ಗಾಳಿ ಸೋರುತ್ತಿದೆ. ಕೆಟಲ್ಲಿನಲ್ಲಿ ನೀರು ಕಾಯಿಸಿ ಸುರಿದೆ. ಸೋರುವುದು ನಿಂತಿತು, ಏರ್ ತುಂಬಿತು, ಹೊರಟೆವು. ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ ಜನರೇಟರಿಗೆ ಹೇರ್ ಡ್ರೈಯರ್ ಚುಚ್ಚಿ ಅರ್ಧ ಗಂಟೆ ಹಿಡಿದುಕೊಂಡು ಕೂತಿದ್ದೆ. ಹೆಂಡತಿ ಕಿಟಕಿಯಿಂದ ನೋಡಿ, "ನನ್ನ ಕೂದಲಿಗೂ ಒಂದು ದಿನ ಹೀಗೆ ಹಿಡಿದಿಲ್ಲ ನೀವು" ಅಂದಳು.

ಈ ಡ್ರೈಯರಿನ ತಳದಲ್ಲಿ ಒಂದು ಹೀಟರ್ ಇರುತ್ತದಂತೆ. ಮನೆಗೆ ಬಂದ ಮೇಲೆ ಕೀ ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೈ ಇಟ್ಟು ನೋಡಿದೆ. ಉಳಿದ ಕಬ್ಬಿಣದಷ್ಟು ತಣ್ಣಗಿಲ್ಲ, ಸ್ವಲ್ಪ ಬೆಚ್ಚಗೇ ಇದೆ. ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ 12.6 ವೋಲ್ಟ್ ಬರುತ್ತಿದೆ. ಅಂದರೆ ಹೀಟರ್ ಸರಿ ಇದೆ ಅಲ್ವಾ? ಹಾಗಾದರೆ ಇನ್ನೇನು ಕೆಟ್ಟಿದೆ? ತಳದಲ್ಲಿ ನೀರು ಹೊರಗೆ ಬಿಡುವ ಪರ್ಜ್ ವಾಲ್ವ್ ಬದಲಿಸಬೇಕಾ, ಇಡೀ ಡ್ರೈಯರನ್ನೇ ಬದಲಿಸಬೇಕಾ?

ಕರಾವಳಿ ಕಂಡಕ್ಟರ್ (ಉಡುಪಿ) · ಶನಿವಾರ ರಾತ್ರಿ

ಮಾರಾಯ್ರೆ, ಮೊದಲು ಬಸ್ಸಿನ ಫೋಟೋ ಹಾಕಿ. ರಿಪೇರಿ ಆಮೇಲೆ. ನಮ್ಮಲ್ಲಿ ಬಸ್ಸಿನ ಕೆಳಗೆ ಹೀಟರ್ ಅಂದ್ರೆ ಇಂಜಿನ್ನೇ.

ಡಿಪೋ ಕಾಕಾ (ಹುಬ್ಬಳ್ಳಿ) · ಭಾನುವಾರ ಬೆಳಿಗ್ಗೆ

ತಮ್ಮಾ, ಮೊದಲು ಒಂದು ಮಾತು. ಕುದಿಯುವ ನೀರು ಇನ್ನು ಮೇಲೆ ಸುರಿಯಬೇಡ. ಆ ಕ್ಷಣಕ್ಕೆ ಬಿಡುತ್ತದೆ, ನಿಜ. ಆದರೆ ನೀನು ಸುರಿದ ನೀರೇ ಬಾಯಲ್ಲಿ ನಿಂತು ಮತ್ತೆ ಗಟ್ಟಿಯಾಗುತ್ತದೆ. ತಣ್ಣಗಿರುವ ಎರಕದ ಲೋಹಕ್ಕೆ ಬಿಸಿನೀರು ಬಿದ್ದರೆ ಸೀಳು ಬಿಟ್ಟರೂ ಬಿಡಬಹುದು. ಹೇರ್ ಡ್ರೈಯರ್ ಹಿಡಿದೆಯಲ್ಲ, ಅದು ಸರಿ. ಬ್ಲೋ ಲ್ಯಾಂಪ್ ಮಾತ್ರ ಹತ್ತಿರವೂ ತರಬೇಡ. ಒಳಗೆ ರಬ್ಬರ್ ಸೀಲ್ ಇವೆ, ಎಣ್ಣೆ ಇರುತ್ತದೆ, ಪಕ್ಕದಲ್ಲಿ ಡೀಸೆಲ್ ಪೈಪೂ ಇರಬಹುದು.

ನಾನು ಡಿಪೋದಲ್ಲಿ ಮೂವತ್ತು ವರ್ಷ ಇದ್ದವನು. ನಮಗೆ ಈ ಹೀಟರ್ ಕೆಲಸ ಬಂದದ್ದೇ ಇಲ್ಲ, ಹುಬ್ಬಳ್ಳಿಯಲ್ಲಿ ಯಾವ ವಾಲ್ವ್ ಹೆಪ್ಪುಗಟ್ಟಬೇಕು ಹೇಳು. ಆದರೆ ಗಾಳಿಯಲ್ಲಿ ನೀರು ಮಾತ್ರ ಎಲ್ಲಾ ಕಡೆ ಒಂದೇ. ಮಳೆಗಾಲದಲ್ಲಿ ಘಟ್ಟ ಇಳಿದು ಬಂದ ಗಾಡಿಯ ಟ್ಯಾಂಕ್ ಡ್ರೈನ್ ಮಾಡಿದರೆ ಹಾಲು ಹಾಕಿದ ಕಾಫಿಯಂಥದ್ದು ಬರುತ್ತಿತ್ತು, ನೀರೂ ಕಂಪ್ರೆಸರ್ ಎಣ್ಣೆಯೂ ಕಲೆತು. ನೀನು ಟ್ಯಾಂಕ್ ಡ್ರೈನ್ ಮಾಡಿದ್ದೀಯಾ? ಏನು ಬಂತು? ಬಣ್ಣ ಹೇಳು.

ಹದಿನೆಂಟು ಚಕ್ರ (ಆಲ್ಬರ್ಟಾ) · ಭಾನುವಾರ

ಹನ್ನೊಂದು ವರ್ಷದಿಂದ ಇಲ್ಲಿ ಟ್ರಕ್ ಓಡಿಸುತ್ತಿದ್ದೇನೆ. ಈ ಕಾಟ ಪ್ರತಿ ಜನವರಿಯಲ್ಲೂ ಯಾರದೋ ಒಬ್ಬರ ಗಾಡಿಗೆ ಬರುತ್ತದೆ.

ಕಥೆ ಇಷ್ಟೇ. ಕಂಪ್ರೆಸರಿನಿಂದ ಬಿಸಿ ಗಾಳಿ ಡ್ರೈಯರಿಗೆ ಬರುತ್ತದೆ. ಅಲ್ಲಿ ತಣ್ಣಗಾದಾಗ ಅದರಲ್ಲಿರುವ ನೀರು ಹನಿಯಾಗಿ ತಳಕ್ಕೆ ಇಳಿಯುತ್ತದೆ. ಉಳಿದ ತೇವವನ್ನು ಒಳಗಿರುವ ಮಣಿಗಳು ಹೀರಿಕೊಳ್ಳುತ್ತವೆ. ಟ್ಯಾಂಕ್ ತುಂಬಿ, ಒತ್ತಡ ನೋಡಿಕೊಳ್ಳುವ ಗವರ್ನರ್ ಕಂಪ್ರೆಸರನ್ನು ತಡೆದಾಗ (ಕಟ್ ಔಟ್) ತಳದ ಪರ್ಜ್ ವಾಲ್ವ್ ಫಟ್ ಅಂತ ತೆರೆದು ಆ ನೀರನ್ನೆಲ್ಲ ಹೊರಗೆ ಉಗಿಯುತ್ತದೆ. ಹಿಂದೆಯೇ ಸ್ವಲ್ಪ ಒಣ ಗಾಳಿ ಉಲ್ಟಾ ಹರಿದು ಮಣಿಗಳನ್ನೂ ಒಣಗಿಸಿ ಹೋಗುತ್ತದೆ. ಅಂದರೆ ಇಡೀ ಗಾಡಿಯ ನೀರು ಕೊನೆಗೆ ದಾಟುವ ಬಾಗಿಲು ಅದೊಂದೇ. ಮೈನಸ್ 24ರಲ್ಲಿ ಆ ಬಾಗಿಲಲ್ಲೇ ಮಂಜು ಕಟ್ಟುತ್ತದೆ. ಹೀಟರನ್ನು ಅಲ್ಲೇ ಕೂರಿಸಿರುವುದು ಅದಕ್ಕೇ.

ನಿಮ್ಮದು ತೆರೆದು ಹೆಪ್ಪುಗಟ್ಟಿದೆ, ಹಾಗಾಗಿ ಕಂಪ್ರೆಸರ್ ಊದಿದ ಗಾಳಿಯೆಲ್ಲ ಕೆಳಗೆ ಹೋಗುತ್ತಿದೆ. ಇದು ಅದೃಷ್ಟ ಅಂದುಕೊಳ್ಳಿ, ಬಜರ್ ಕೂಗಿ ಹೇಳುತ್ತದೆ. ಮುಚ್ಚಿ ಹೆಪ್ಪುಗಟ್ಟಿದರೆ ಏರ್ ಸರಿಯಾಗಿಯೇ ತುಂಬುತ್ತದೆ, ನೀರು ಮಾತ್ರ ಹೊರಗೆ ಹೋಗದೆ ಟ್ಯಾಂಕಿಗೆ, ಬ್ರೇಕ್ ಲೈನಿಗೆ ಹೋಗುತ್ತದೆ. ಅಲ್ಲಿ ಹೆಪ್ಪುಗಟ್ಟಿದಾಗ ನೀವು ಇಳಿಜಾರಿನಲ್ಲಿ ಇರಬಾರದು, ಅಷ್ಟೇ.

ಎಲ್ಲರೂ ಹೇಳುವ ಸುಲಭ ಉಪಾಯ: ಏರ್ ಲೈನಿಗೆ ಆಲ್ಕೋಹಾಲ್ ಹಾಕಿ. ಡ್ರೈಯರ್ ಇರುವ ಗಾಡಿಗೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಮಣಿ, ಸೀಲು ಎರಡೂ ಹಾಳು.

ದ್ರಾಸ್ ಡ್ರೈವರ್ (ಮಡಿಕೇರಿ) · ಭಾನುವಾರ

ಸೈನ್ಯದಲ್ಲಿದ್ದಾಗ ಎರಡು ಚಳಿಗಾಲ ಲಡಾಖ್ ಕಡೆ ಟ್ರಕ್ ಓಡಿಸಿದ್ದೇನೆ. ಡ್ರೈಯರ್ ಬಗ್ಗೆ ಜಾಸ್ತಿ ಹೇಳಲಾರೆ. ಒಂದೇ ವಿಷಯ. ಒದ್ದೆ ರಸ್ತೆಯಲ್ಲಿ ಬಂದು ರಾತ್ರಿ ನಿಲ್ಲಿಸುವಾಗ ಪಾರ್ಕಿಂಗ್ ಬ್ರೇಕ್ ಎಳೆದು ಬಿಟ್ಟರೆ ಬೆಳಿಗ್ಗೆ ಶೂ ಡ್ರಮ್ಮಿಗೆ ಅಂಟಿರುತ್ತದೆ. ಆಗ ಏರ್ ಇದ್ದರೂ ಚಕ್ರ ತಿರುಗುವುದಿಲ್ಲ, ಏರ್ ತಪ್ಪು ಅಂತ ಹುಡುಕುತ್ತಾ ಕೂರುತ್ತೇವೆ. ನಿಲ್ಲಿಸುವ ಮೊದಲು ನಾಲ್ಕಾರು ಸಲ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಸಮತಟ್ಟು ಜಾಗ ಇದ್ದರೆ ನಾವು ಪಾರ್ಕಿಂಗ್ ಬ್ರೇಕ್ ಬದಲು ಚಕ್ರಕ್ಕೆ ಕಟ್ಟೆ (ಉರುಳದಂತೆ ಅಡ್ಡ ಇಡುವ ದಿಮ್ಮಿ) ಕೊಟ್ಟು ನಿಲ್ಲಿಸುತ್ತಿದ್ದೆವು.

ಹಳದಿ ಬಸ್ಸು · ಭಾನುವಾರ ಸಂಜೆ

ಕಾಕಾ, ಡ್ರೈನ್ ಮಾಡಿದೆ. ಮೊದಲ ಟ್ಯಾಂಕಿನಿಂದ ಅರ್ಧ ಲೋಟದಷ್ಟು ಬಂತು. ತೆಳ್ಳಗೆ, ಬೂದು ಬಣ್ಣ. ಕಾಫಿ ಅಲ್ಲ, ಅಕ್ಕಿ ತೊಳೆದ ನೀರು ಅನ್ನಬಹುದು. ಎಣ್ಣೆ ಬಹಳ ಇಲ್ಲ. ಉಳಿದ ಎರಡು ಟ್ಯಾಂಕ್ ಒಣಗಿವೆ. ಕಂಡಕ್ಟರ್ ಅವರೇ, ಬಸ್ಸಿನ ಮೇಲೆ ಅರ್ಧ ಅಡಿ ಹಿಮ ಇದೆ, ಫೋಟೋ ತೆಗೆದರೆ ಬಿಳಿ ಗುಡ್ಡ ಕಾಣುತ್ತದೆ.

ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಹೀಟರ್ ಬೆಚ್ಚಗಾಗುತ್ತಿದೆಯಲ್ಲ?

ಓಮ್ ನಿಯಮ (ಮೈಸೂರು) · ಭಾನುವಾರ ರಾತ್ರಿ

ಬೆಚ್ಚಗೆ ಅನ್ನುವುದು ಅಳತೆ ಅಲ್ಲ ಸಾರ್. ಮೈನಸ್ ಇಪ್ಪತ್ತರಲ್ಲಿ ನಿಮ್ಮ ಕೈಗೆ ಐದು ಡಿಗ್ರಿಯ ಕಬ್ಬಿಣವೂ ಹಿತವಾಗಿಯೇ ಅನ್ನಿಸುತ್ತದೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವನು, ಬಸ್ ಗೊತ್ತಿಲ್ಲ. ಆದರೆ ಇದು ಬಸ್ ಪ್ರಶ್ನೆಯೇ ಅಲ್ಲ. ಒಂದು ಹೀಟರ್, ಬಿಸಿ ಸಾಕಾದಾಗ ಕರೆಂಟ್ ತಾನೇ ಕಡಿಯುವ ಒಂದು ಥರ್ಮೋಸ್ಟ್ಯಾಟ್, ಎರಡು ವೈರ್. ಎಡಿ-9ರ ಸರ್ವಿಸ್ ಹಾಳೆ ತೆಗೆದು ನೋಡಿದೆ. ಅದರಲ್ಲಿ ಪರೀಕ್ಷೆ ಸ್ಪಷ್ಟವಾಗಿ ಕೊಟ್ಟಿದ್ದಾರೆ. ಕೀ ಆಫ್ ಮಾಡಿ. ಡ್ರೈಯರಿನ ತಳ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು, ನಿಮ್ಮಲ್ಲಿ ಅದಕ್ಕೇನು ಕೊರತೆ ಇಲ್ಲ. ಕನೆಕ್ಟರ್ ಬಿಚ್ಚಿ ಡ್ರೈಯರ್ ಕಡೆಯ ಎರಡು ಪಿನ್ ನಡುವೆ ಓಮ್ ನೋಡಿ. 12 ವೋಲ್ಟ್ ಹೀಟರ್ ಆದರೆ 1.5ರಿಂದ 3 ಓಮ್ ಒಳಗೆ ಇರಬೇಕು. ಆಮೇಲೆ ತಳವನ್ನು 90 ಫ್ಯಾರನ್‌ಹೀಟ್ ದಾಟಿಸಿ, ಸುಮಾರು 32 ಸೆಲ್ಸಿಯಸ್, ನಿಮ್ಮ ಮನೆಯವರ ಹೇರ್ ಡ್ರೈಯರ್ ಸಾಕು. ಆಗ 1,000 ಓಮ್ ಮೀರಬೇಕು, ಅಂದರೆ ಥರ್ಮೋಸ್ಟ್ಯಾಟ್ ಬಿಟ್ಟುಕೊಂಡಿದೆ ಅಂತ.

ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಅದನ್ನು ಕಳೆಯಿರಿ. ಎರಡು ಓಮ್ ಅಳೆಯುವಾಗ ಅರ್ಧ ಓಮ್ ಕಡ್ಡಿಯಲ್ಲೇ ಇದ್ದರೆ ಲೆಕ್ಕ ಕೆಡುತ್ತದೆ.

ಡಿಪೋ ಕಾಕಾ · ಸೋಮವಾರ ಬೆಳಿಗ್ಗೆ

ಅಕ್ಕಿ ತೊಳೆದ ನೀರು ಅಂದರೆ ಕಂಪ್ರೆಸರ್ ಪರವಾಗಿಲ್ಲ. ಒಳ್ಳೇದಾಯಿತು. ಬಸ್ಸಿನ ಕೆಳಗೆ ಮಲಗುವ ಮೊದಲು ನಾಲ್ಕೂ ಕಡೆ ಕಟ್ಟೆ ಕೊಡು. ಏನಾದರೂ ಬಿಚ್ಚುವ ಮೊದಲು ಎಲ್ಲಾ ಟ್ಯಾಂಕ್ ಸೊನ್ನೆಗೆ ತಾ. ಡ್ರೈಯರಿನ ಬಾಯಿಗೆ ಮುಖ ಕೊಡಬೇಡ, ಅಲ್ಲಿಂದ ಬರುವ ಕಲ್ಲುಪ್ಪಿನಂಥ ಮಂಜಿನ ಚೂರು ಕಣ್ಣಿಗೆ ಬಿದ್ದರೆ ಗೊತ್ತಾಗುತ್ತದೆ. ಹಿಂದಿನ ಚಕ್ರದ ಸ್ಪ್ರಿಂಗ್ ಬ್ರೇಕ್ ಚೇಂಬರಿಗೆ ಕೈ ಹಾಕಲೇಬೇಡ. ನಿನಗೆ ಅಲ್ಲಿ ಕೆಲಸ ಇಲ್ಲ.

ಹಳದಿ ಬಸ್ಸು · ಸೋಮವಾರ ರಾತ್ರಿ

ಅಳೆದೆ. ಹೊರಗೆ ಮೈನಸ್ 17. ಕಡ್ಡಿಯದ್ದು ಕಳೆದು 7.8 ಓಮ್. ಮೂರು ಸಲ ನೋಡಿದೆ, ಪಿನ್ ಕೆರೆದು ನೋಡಿದೆ, 7.8ಏ. ಬಿಸಿ ಮಾಡಿದಾಗ ಟಿಕ್ ಅಂತ ಸಣ್ಣ ಸದ್ದು ಬಂತು, ಆಮೇಲೆ ಮೀಟರ್ ಏನೂ ತೋರಿಸಲಿಲ್ಲ. ಅಂದರೆ ಥರ್ಮೋಸ್ಟ್ಯಾಟ್ ಬದುಕಿದೆ. ಹೀಟರ್ ವಯಸ್ಸಾಗಿ ಓಮ್ ಜಾಸ್ತಿ ಆಗಿದೆ ಅನ್ನಿಸುತ್ತದೆ. ಹೊಸ ಹೀಟರ್ ಕಿಟ್ ಆರ್ಡರ್ ಮಾಡಿಬಿಡುತ್ತೇನೆ, ಮುಗಿಯಿತಲ್ವಾ?

ಓಮ್ ನಿಯಮ · ಸೋಮವಾರ ರಾತ್ರಿ

ನಿಲ್ಲಿ, ನಿಲ್ಲಿ. ಆರ್ಡರ್ ಮಾಡಬೇಡಿ ಇನ್ನೂ.

ಹೀಟರ್ ಹೀಗೆ ನಿಧಾನಕ್ಕೆ ಎರಡರಿಂದ ಎಂಟಕ್ಕೆ ಏರುವುದಿಲ್ಲ. ಒಳಗಿನ ತಂತಿ ಇರುತ್ತದೆ, ಇಲ್ಲಾ ಕಡಿದು ಹೋಗುತ್ತದೆ. 7.8 ಅನ್ನುವುದು ಬಹಳ ಸಾಚಾ ಅಂಕಿ. ಅದೇ ಹಾಳೆಯ ಮುಂದಿನ ಸಾಲು ನೋಡಿ: 24 ವೋಲ್ಟ್ ಹೀಟರಿಗೆ 6.8ರಿಂದ 9 ಓಮ್.

ನಿಮ್ಮ ಹೀಟರಿಗೆ ಏನೂ ಆಗಿಲ್ಲ ಸಾರ್. ಅದು ಬೇರೆ ಊರಿನ ಹೀಟರ್.

ಕರಾವಳಿ ಕಂಡಕ್ಟರ್ · ಸೋಮವಾರ ರಾತ್ರಿ

ಓ ದೇವರೇ!

ಹಳದಿ ಬಸ್ಸು · ಸೋಮವಾರ ರಾತ್ರಿ

ಟಾರ್ಚ್ ತಗೊಂಡು ಈಗಷ್ಟೇ ಹೋಗಿ ಬಂದೆ. ಡ್ರೈಯರಿನ ಪಕ್ಕ ಒಂದು ತಗಡಿನ ಚೀಟಿ ಇದೆ, ಮೇಲೆ ಉಪ್ಪು, ಕೆಸರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. 24 ಅಂತ ಕಾಣುತ್ತಿದೆ. ಮೂರು ವರ್ಷ ಅದರ ಕೆಳಗೆ ತೆವಳಿದ್ದೇನೆ, ಒಂದು ದಿನವೂ ಓದಿಲ್ಲ.

ಹಾಗಾದರೆ ಮೂರು ವರ್ಷ ಹೇಗೆ ನಡೆಯಿತು?

ಓಮ್ ನಿಯಮ · ಮಂಗಳವಾರ ಬೆಳಿಗ್ಗೆ

ನಡೆಯುತ್ತದೆ. 24 ವೋಲ್ಟಿನ ಹೀಟರಿಗೆ 12 ಕೊಟ್ಟರೆ ಅರ್ಧ ಬಿಸಿ ಅಲ್ಲ, ಕಾಲು ಭಾಗ. ವೋಲ್ಟ್ ಅರ್ಧವಾದರೆ ಕರೆಂಟೂ ಅರ್ಧ, ಎರಡೂ ಗುಣಿಸಿದಾಗ ಕಾಲು. ಇಂಜಿನ್ ಓಡುವಾಗ 13.8 ವೋಲ್ಟ್ ಅಂತ ಇಟ್ಟುಕೊಳ್ಳಿ. 7.8 ಓಮಿಗೆ ಸುಮಾರು 24 ವ್ಯಾಟ್. ಸರಿಯಾದ 2 ಓಮಿನ ಹೀಟರ್ ಇದ್ದಿದ್ದರೆ 95 ವ್ಯಾಟ್. ಮೈನಸ್ ಐದರಲ್ಲಿ, ಎಂಟರಲ್ಲಿ ಆ 24 ವ್ಯಾಟೇ ಸಾಕಾಗಿರಬೇಕು. ಮೈನಸ್ 24ರಲ್ಲಿ, ಹೆದ್ದಾರಿ ಗಾಳಿಗೆ ಸಿಕ್ಕಿದಾಗ ಸಾಲದಾಯಿತು. ಈ ಮೂರು ವರ್ಷದಲ್ಲಿ ಅಂಥ ಚಳಿಯಲ್ಲಿ ಎಷ್ಟು ಸಲ ಓಡಿಸಿದ್ದೀರಿ?

ಉಲ್ಟಾ ಆಗಿದ್ದರೆ ಇನ್ನೂ ಕಷ್ಟ. 12ರ ಹೀಟರನ್ನು 24ಕ್ಕೆ ಹಾಕಿದರೆ ನಾಲ್ಕು ಪಟ್ಟು ಬಿಸಿ.

ಹಳದಿ ಬಸ್ಸು · ಮಂಗಳವಾರ

ಒಂದು ಸಲವೂ ಇಲ್ಲ. ಚಳಿಗಾಲ ಪೂರ್ತಿ ನಿಲ್ಲಿಸಿಯೇ ಇಟ್ಟಿರುತ್ತಿದ್ದೆವು. ಈ ವರ್ಷವೇ ಹೆಪ್ಪುಗಟ್ಟಿದ ಸರೋವರ ನೋಡುವ ಹುಚ್ಚು ಹತ್ತಿದ್ದು.

ಹದಿನೆಂಟು ಚಕ್ರ · ಮಂಗಳವಾರ

ಹಿಂದಿನವರು ಯಾವುದೋ ಹಳೇ ಕೋಚ್ ಬಸ್ಸಿನಿಂದ ಬಿಚ್ಚಿದ ಡ್ರೈಯರ್ ಸೋವಿಗೆ ಸಿಕ್ಕಿತು ಅಂತ ಹಾಕಿರಬೇಕು. ಇಲ್ಲಿನ ಎಂಸಿಐ ಅನ್ನುವ ಕಂಪನಿಯ ಹಳೇ ಕೋಚ್‌ಗಳು 24 ವೋಲ್ಟ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಡಬ್ಬಿ, ಬೋಲ್ಟೂ ಒಂದೇ. ಗಾಳಿ ಒಣಗಿಸುವ ಕೆಲಸಕ್ಕೆ ವೋಲ್ಟೇ ಬೇಡ, ಹಾಗಾಗಿ ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹಳದಿ ಬಸ್ಸು · ಮಂಗಳವಾರ

ಸರಿ, ಈಗಲಾದರೂ 12ರ ಕಿಟ್ ಆರ್ಡರ್ ಮಾಡಲಾ?

ಡಿಪೋ ಕಾಕಾ · ಮಂಗಳವಾರ ರಾತ್ರಿ

ಮಾಡು. ಆದರೆ ಕಿಟ್ ಬರುವವರೆಗೆ ಸುಮ್ಮನೆ ಕೂರಬೇಡ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಮೇಷ್ಟ್ರು ವೈರ್ ನೋಡಿಲ್ಲ. ರಸ್ತೆಗೆ ಉಪ್ಪು ಸುರಿಯುವ ಊರು ನಿನ್ನದು. 12.6 ಬರುತ್ತಿದೆ ಅಂದೆಯಲ್ಲ, ಅದು ಕನೆಕ್ಟರ್ ಬಿಚ್ಚಿ ನೋಡಿದ್ದು. ಹೊರೆ ಇಲ್ಲದ ಎತ್ತು ಯಾವ ದಾರಿಯಲ್ಲೂ ನಡೆಯುತ್ತದೆ. ಒಂದು ಹೊರೆ ಹಾಕಿ ನೋಡು.

ನಾವು ಡಿಪೋದಲ್ಲಿ ಏನು ಮಾಡುತ್ತಿದ್ದೆವು ಹೇಳುತ್ತೇನೆ. ಹಳೇ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಮೀಟರ್ ಸುಳ್ಳು ಹೇಳಿದರೂ ಬಲ್ಬ್ ಹೇಳುವುದಿಲ್ಲ. ಗಾಡಿ ಕಡೆಯ ಕನೆಕ್ಟರಿಗೆ ಆ ಬಲ್ಬ್ ಕೊಡು, ಕೀ ಆನ್ ಮಾಡು. ಬೆಳ್ಳಗೆ ಉರಿದರೆ ಲೈನ್ ಸರಿ. ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಹಿಡಿ.

ಓಮ್ ನಿಯಮ · ಮಂಗಳವಾರ ರಾತ್ರಿ

ಕಾಕಾ, ಒಪ್ಪಿದೆ. ನಾನು ಕೇಳಬೇಕಿತ್ತು ಅದನ್ನು. 55 ವ್ಯಾಟ್ ಬಲ್ಬ್ ಆದರೆ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಹೊಸ ಹೀಟರ್ ಎಳೆಯುವುದಕ್ಕಿಂತ ಸ್ವಲ್ಪ ಕಮ್ಮಿ, ಆದರೂ ಪರೀಕ್ಷೆಗೆ ಸಾಕು.

ಹಳದಿ ಬಸ್ಸು · ಗುರುವಾರ ರಾತ್ರಿ

ಕಾಕಾ, ನಿಮಗೆ ಸಾಷ್ಟಾಂಗ.

ಬಲ್ಬ್ ಉರಿಯಿತು, ಆದರೆ ಗುಡಿಯ ದೀಪದಂತೆ ಹಳದಿ. ಮೀಟರಿನಲ್ಲಿ 9 ವೋಲ್ಟ್. 12.6ರಲ್ಲಿ ಮೂರೂವರೆ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಕನೆಕ್ಟರಿನ ಅರ್ಥ್ ಪಿನ್ ಮೇಲೆ ಇಟ್ಟೆ. 3.2 ತೋರಿಸಿತು. ಅಂದರೆ ಪಾಸಿಟಿವ್ ಕಡೆ ಹೆಚ್ಚುಕಮ್ಮಿ ಸರಿ, ಕಳ್ಳ ಅರ್ಥ್ ಕಡೆ ಇದ್ದಾನೆ.

ಆ ಅರ್ಥ್ ವೈರನ್ನು ಹಿಡಿದು ಹೊರಟೆ. ಚಾಸಿಯ ಒಳಮೈಗೆ ಒಂದು ಬೋಲ್ಟಿನಲ್ಲಿ ಸೇರಿದೆ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ಬೋಲ್ಟಿಗೆ ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದ್ದೇ ತಡ, ತಲೆ ಮುರಿದು ಕೈಗೆ ಬಂತು. ಕೆಳಗಿನ ಲಗ್ಗನ್ನು, ಅಂದರೆ ವೈರ್ ತುದಿಯ ಲೋಹದ ಬಳೆಯನ್ನು, ಬೆರಳಲ್ಲಿ ಎತ್ತಿದರೆ ಹಪ್ಪಳದಂತೆ ಪುಡಿ ಪುಡಿ. ಒಂದು ಅರ್ಧ ಹಸಿರು, ಇನ್ನೊಂದು ಅರ್ಧ ಇಟ್ಟಿಗೆ ಬಣ್ಣ. ವೈರಿನ ಸಿಪ್ಪೆ ಸುಲಿದೆ, ಒಳಗಿನ ತಾಮ್ರ ಕಪ್ಪಗಾಗಿತ್ತು. ನಾಲ್ಕು ಇಂಚು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು.

ಮುರಿದ ಬೋಲ್ಟ್ ಬಿಟ್ಟು ಪಕ್ಕದಲ್ಲಿದ್ದ ಖಾಲಿ ತೂತಿಗೆ ಹೊಸ ಬೋಲ್ಟ್ ಹಾಕಿದೆ. ಸುತ್ತ ಪೇಂಟ್ ಕೆರೆದು ಬರೀ ಕಬ್ಬಿಣ ಕಾಣುವ ಹಾಗೆ ಮಾಡಿ, ಹಲ್ಲಿನ ವಾಷರ್, ಹೊಸ ಲಗ್, ಮೇಲೆ ಗ್ರೀಸ್. ಈಗ ಬಲ್ಬ್ ಬೆಳ್ಳಗೆ ಉರಿಯುತ್ತದೆ, 12.2.

ಓಮ್ ನಿಯಮ · ಶುಕ್ರವಾರ ಬೆಳಿಗ್ಗೆ

ಇದು ನನಗೆ ಬಹಳ ಹಿಡಿಸಿತು. ಲೆಕ್ಕ ಹಾಕಿ ನೋಡಿ ಸಾರ್. ಆ ಅರ್ಥ್ ಜಾಗದಲ್ಲಿ ಮುಕ್ಕಾಲು ಓಮಿನಷ್ಟು ಇತ್ತು. 7.8ರ ಹೀಟರ್ ಇರುವಾಗ ಅದು ಕಣ್ಣಿಗೇ ಬೀಳುವುದಿಲ್ಲ. ಹತ್ತರಲ್ಲಿ ಒಂದು ಪಾಲು ವೋಲ್ಟ್ ಅಲ್ಲಿ ಹೋಗುತ್ತಿತ್ತು ಅಷ್ಟೇ. ತಪ್ಪು ಹೀಟರ್ ಈ ಕೆಟ್ಟ ಅರ್ಥನ್ನು ಮುಚ್ಚಿಟ್ಟಿತ್ತು.

ನೀವು ಸೋಮವಾರವೇ 2 ಓಮಿನ ಹೀಟರ್ ತರಿಸಿ ಸುಮ್ನೆ ಹಾಕಿದ್ದರೆ ಏನಾಗುತ್ತಿತ್ತು? ಕರೆಂಟ್ ಐದು ಆಂಪಿಯರಿಗೆ ಏರುತ್ತಿತ್ತು. ಹೀಟರಿಗೆ 50 ವ್ಯಾಟ್, ಆ ಹಪ್ಪಳದ ಲಗ್ಗಿಗೆ ಹತ್ತಿರ ಹತ್ತಿರ 20 ವ್ಯಾಟ್. ಒಂದು ವಾರ ಚೆನ್ನಾಗಿ ನಡೆದು, ಆಮೇಲೆ ಲಗ್ ಸುಟ್ಟು ಅರ್ಥ್ ಪೂರ್ತಿ ಹೋಗುತ್ತಿತ್ತು. ನೀವು ಹೊಸ ಹೀಟರಿಗೆ ಬೈಯುತ್ತಿದ್ದಿರಿ.

ಹದಿನೆಂಟು ಚಕ್ರ · ಶುಕ್ರವಾರ

ಕೆಳಗೆ ಮಲಗಿದಾಗ ಇನ್ನೊಂದು ನೋಡಿ. ಕಂಪ್ರೆಸರಿನಿಂದ ಡ್ರೈಯರಿಗೆ ಬರುವ ಪೈಪ್ ಉದ್ದಕ್ಕೂ ಇಳಿಜಾರಾಗಿರಬೇಕು. ಎಲ್ಲಾದರೂ ತೊಟ್ಟಿಲಿನ ಹಾಗೆ ಜೋತುಬಿದ್ದಿದ್ದರೆ ಅಲ್ಲಿ ನೀರು ನಿಂತು ಹೆಪ್ಪುಗಟ್ಟುತ್ತದೆ. ಅದಕ್ಕೆ ಯಾವ ಹೀಟರೂ ಇಲ್ಲ.

ಗಾಡಿ ನಿಲ್ಲಿಸಿದಾಗಲೂ ಹೀಟರ್ ಓಡಲಿ ಅಂತ ನೇರ ಬ್ಯಾಟರಿಗೆ ಕೊಡುವವರಿದ್ದಾರೆ. ನನ್ನ ಪರಿಚಯದವರೊಬ್ಬರು ಹಾಗೆ ಮಾಡಿ ಬೆಳಿಗ್ಗೆ ಡ್ರೈಯರ್ ಚೆನ್ನಾಗಿತ್ತು, ಇಂಜಿನ್ ಸ್ಟಾರ್ಟ್ ಆಗಲಿಲ್ಲ.

ಓಮ್ ನಿಯಮ · ಶುಕ್ರವಾರ

ಹನ್ನೆರಡು ಗಂಟೆಗೆ 70, 80 ಆಂಪಿಯರ್ ಅವರ್. ಆ ಚಳಿಯಲ್ಲಿ ಬ್ಯಾಟರಿಯ ಶಕ್ತಿಯೇ ಕುಗ್ಗಿರುತ್ತದೆ. ಬೇಡವೇ ಬೇಡ. ಕೀ ಜೊತೆ ಬರುವ ಲೈನ್, 10 ಆಂಪಿಯರ್ ಫ್ಯೂಸ್, ಅಷ್ಟು ಸಾಕು.

ದ್ರಾಸ್ ಡ್ರೈವರ್ · ಶುಕ್ರವಾರ

ಫ್ಯೂಸ್ ಅಂದ ಕೂಡಲೇ ನೆನಪಾಯಿತು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಒಂದು ಗಾಡಿಯಲ್ಲಿ ಸಿಕ್ಕಿತ್ತು ನನಗೆ. ಹಳೇ ಗಾಡಿ ಅಲ್ವಾ, ಫ್ಯೂಸ್ ಪೆಟ್ಟಿಗೆ ತೆಗೆದು ಒಂದು ಸಲ ಕಣ್ಣು ಹಾಯಿಸಿ.

ಹಳದಿ ಬಸ್ಸು · ಮುಂದಿನ ಬುಧವಾರ

ಕಿಟ್ ಬಂತು, ಹಾಕಿದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಕಟ್ಟೆ ಕೊಟ್ಟು, ಟ್ಯಾಂಕ್ ಎಲ್ಲಾ ಸೊನ್ನೆ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಶುರು ಮಾಡಿದೆ. ಪೈಪ್ ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಬಣ್ಣದ ಟೇಪ್ ಸುತ್ತಿ ಫೋಟೋ ತೆಗೆದುಕೊಂಡೆ. ಡ್ರೈಯರ್ ಇಳಿಸಿ ಒಳಗೆ ಅಡುಗೆಮನೆ ಕಟ್ಟೆಯ ಮೇಲೆ ಪೇಪರ್ ಹಾಸಿ ಇಟ್ಟುಕೊಂಡೆ. ಹೊರಗೆ ಕೈಗವಸು ಹಾಕಿದರೆ ಸಣ್ಣ ಸ್ಕ್ರೂ ಹಿಡಿಯಲಾಗದು, ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ. ಹೆಂಡತಿ ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಗಡಿ ದಾಟಬಾರದು ಅಂತ ಎಚ್ಚರಿಕೆ ಕೊಟ್ಟಿದ್ದಳು.

ಪರ್ಜ್ ವಾಲ್ವ್ ತೆಗೆದು ನೋಡಿದೆ. ರಬ್ಬರ್ ಮೇಲೆ ಬೂದು ಜಿಡ್ಡು, ಅದರಲ್ಲಿ ಒಂದೆರಡು ಬಿಳಿ ಮಣಿ. ಅದನ್ನೂ ಹೊಸದು ಹಾಕಿದೆ, ಮಣಿಗಳ ಕಾರ್ಟ್ರಿಜ್ಜನ್ನೂ ಬದಲಿಸಿದೆ. ಎಷ್ಟು ವರ್ಷದ್ದು ಅಂತ ಯಾರಿಗೆ ಗೊತ್ತು. ಹಳೇ ಹೀಟರ್ ಬರಲು ಹಟ ಮಾಡಿತು. ಎಳೆಯದೆ, ತಿರುಚುತ್ತಾ ತಿರುಚುತ್ತಾ ತೆಗೆದೆ. ಹೊಸದನ್ನು ಹಾಕುವ ಮೊದಲೇ ಮೇಜಿನ ಮೇಲೆ ಅಳೆದೆ, 2.0 ಓಮ್. ಆದರೆ ಇದಕ್ಕೂ ಮೊದಲು ಒಂದು ತಮಾಷೆ ಆಯಿತು. ಮನೆಯೊಳಗೆ ಅಳೆದರೆ ಮೀಟರ್ ಏನೂ ತೋರಿಸಲಿಲ್ಲ. ಹೊಸ ಕಿಟ್ಟೇ ಸತ್ತಿದೆ ಅಂತ ಎದೆ ಝಲ್ ಅಂತು. ಆಮೇಲೆ ಹೊಳೆಯಿತು, ಅದು ಒಲೆ ಪಕ್ಕ ಇತ್ತು, ಥರ್ಮೋಸ್ಟ್ಯಾಟ್ ಬಿಸಿಗೆ ಬಿಟ್ಟುಕೊಂಡಿತ್ತು. ಐದು ನಿಮಿಷ ಹಿಮದಲ್ಲಿ ಇಟ್ಟು ತಂದೆ, 2.0.

ಕರಾವಳಿ ಕಂಡಕ್ಟರ್ · ಬುಧವಾರ

ಚಪಾತಿ ಮತ್ತು ಪರ್ಜ್ ವಾಲ್ವ್ ಒಂದೇ ಕಟ್ಟೆಯಲ್ಲಿ. ನಿಮ್ಮ ಮನೆಯವರಿಗೆ ದೊಡ್ಡ ನಮಸ್ಕಾರ ತಿಳಿಸಿ.

ಹದಿನೆಂಟು ಚಕ್ರ · ಬುಧವಾರ

ಲೀಕ್ ನೋಡಿದಿರಾ? ಸಾಬೂನು ನೀರು?

ಹಳದಿ ಬಸ್ಸು · ಬುಧವಾರ

ನೋಡಿದೆ. ಸಾಬೂನು ನೀರು ಹಚ್ಚಿದ ಕೂಡಲೇ ಮಂಜಾಗುತ್ತದೆ ಇಲ್ಲಿ, ಅದಕ್ಕೆ ಗಾಜು ಒರೆಸುವ ಚಳಿಗಾಲದ ದ್ರವಕ್ಕೆ ಸಾಬೂನು ಕಲಸಿ ಹಚ್ಚಿದೆ. ಒಂದು ಫಿಟ್ಟಿಂಗ್ ಗುಳ್ಳೆ ಬಿಟ್ಟಿತು, ಟ್ಯಾಂಕ್ ಇಳಿಸಿ ಬಿಗಿ ಮಾಡಿದೆ. ಪೈಪ್ ಕೂಡ ಒಂದು ಕಡೆ ಜೋತುಬಿದ್ದಿತ್ತು, ಕ್ಲಾಂಪ್ ಹಾಕಿ ಎತ್ತಿದೆ. ಫ್ಯೂಸ್ ಪೆಟ್ಟಿಗೆಯಲ್ಲಿ ಬೆಳ್ಳಿ ಕಾಗದ ಇರಲಿಲ್ಲ, ಆದರೆ ಹೀಟರ್ ಜಾಗದಲ್ಲಿ 30 ಆಂಪಿಯರ್ ಫ್ಯೂಸ್ ಇತ್ತು. 10 ಹಾಕಿದೆ.

ಇಂಜಿನ್ ಓಡುವಾಗ ಕ್ಲಾಂಪ್ ಮೀಟರಿನಲ್ಲಿ 6.6 ಆಂಪಿಯರ್. ಈಗ ಕೈ ಇಟ್ಟರೆ ಮೊದಲಿನ ಹಾಗೆ ಸ್ವಲ್ಪ ಅಲ್ಲ, ಚೆನ್ನಾಗಿಯೇ ಬೆಚ್ಚಗಿದೆ.

ಆದರೆ ನಿಜವಾದ ಪರೀಕ್ಷೆ ಚಳಿ ಬಿದ್ದಾಗಲೇ. ಈ ವಾರ ಬರೀ ಮೈನಸ್ 9.

ಕರಾವಳಿ ಕಂಡಕ್ಟರ್ · ಬುಧವಾರ

"ಬರೀ" ಮೈನಸ್ 9. ನಾನು ಇಲ್ಲಿ ಫ್ಯಾನ್ ಐದರಲ್ಲಿ ಇಟ್ಟು ಓದುತ್ತಿದ್ದೇನೆ.

ಹಳದಿ ಬಸ್ಸು · ಹನ್ನೆರಡು ದಿನದ ನಂತರ, ಬೆಳಿಗ್ಗೆ

ಮೈನಸ್ 26. ನಿನ್ನೆ ಸಂಜೆ ಬೇಕಂತಲೇ ಬಸ್ ಓಡಿಸಿ, ಒದ್ದೆ ಇರುವಾಗಲೇ ಹೊರಗೆ ನಿಲ್ಲಿಸಿದ್ದೆ. ದ್ರಾಸ್ ಸಾರ್ ಹೇಳಿದ ಹಾಗೆ ಬ್ರೇಕ್ ಒಣಗಿಸಿ, ಕಟ್ಟೆ ಕೊಟ್ಟು.

ಬೆಳಿಗ್ಗೆ ಆರೂವರೆಗೆ ಹೋದೆ. ಕೀ ಆನ್ ಮಾಡಿ ಹತ್ತು ನಿಮಿಷ ಸುಮ್ಮನೆ ಕೂತೆ. ಉಸಿರು ಗಾಜಿನ ಮೇಲೆ ಮಂಜಾಗುತ್ತಿತ್ತು. ಸ್ಟಾರ್ಟ್ ಮಾಡಿದೆ. ಬಜರ್ ಕೂಗಿತು. 40, 50. ಅಲ್ಲೇ ನಿಲ್ಲುತ್ತದೆ ಅಂತ ಮುಳ್ಳನ್ನೇ ನೋಡುತ್ತಿದ್ದೆ. 60 ದಾಟಿತು, ಬಜರ್ ನಿಂತಿತು. 90. 110. 120ರ ಹತ್ತಿರ ಕೆಳಗಿನಿಂದ ಫಟ್! ಆಮೇಲೆ ಅರ್ಧ ನಿಮಿಷ ಸಣ್ಣಗೆ ಸುಯ್, ಆಮೇಲೆ ಮೌನ.

ಇಳಿದು ನೋಡಿದೆ. ಡ್ರೈಯರಿನ ಕೆಳಗೆ ಹಿಮದಲ್ಲಿ ಒಂದು ಹಿಡಿಯಷ್ಟು ಬೂದು ಬಣ್ಣದ ತೂತು ಬಿದ್ದಿತ್ತು. ಫೋಟೋ ಹಾಕಿದ್ದೇನೆ. ಕಂಡಕ್ಟರ್ ಅವರೇ, ಬಸ್ಸೂ ಕಾಣುತ್ತದೆ ನೋಡಿ.

ಕರಾವಳಿ ಕಂಡಕ್ಟರ್ · ಅದೇ ದಿನ

ಬಸ್ ಚಂದ ಉಂಟು. ತೂತಿನ ಫೋಟೋ ನಾಲ್ಕು ಯಾಕೆ?

ಡಿಪೋ ಕಾಕಾ · ಅದೇ ದಿನ

120 ಪಿಎಸ್‌ಐ ಅಂದರೆ ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 8.4 ಕೆ.ಜಿ. ಸರಿ ಇದೆ. ಒಂದು ತಿಂಗಳು ಬಿಟ್ಟು ಮೊದಲ ಟ್ಯಾಂಕ್ ಮತ್ತೆ ಡ್ರೈನ್ ಮಾಡು, ಒಣಗಿರಬೇಕು. ಆ ಹೊಸ ಅರ್ಥ್ ಬೋಲ್ಟಿಗೆ ಪ್ರತಿ ಚಳಿಗಾಲದ ಮೊದಲು ಗ್ರೀಸ್ ಮುಟ್ಟಿಸು. ಬಲ್ಬ್ ಎಸೆಯಬೇಡ.

ಹದಿನೆಂಟು ಚಕ್ರ · ಅದೇ ದಿನ

ಆ 24 ವೋಲ್ಟ್ ಹೀಟರ್ ಏನು ಮಾಡಿದಿರಿ? ನಮ್ಮ ಕಡೆ ಒಬ್ಬರ ಹತ್ತಿರ ಹಳೇ ಎಂಸಿಐ ಕೋಚ್ ಇದೆ, ಅವರ ಹೀಟರ್ ಕಡಿದು ಹೋಗಿದೆ. ಓಮ್ ಪೂರ್ತಿ ಓಪನ್. ಎಸೆದಿಲ್ಲ ತಾನೇ?

ಹಳದಿ ಬಸ್ಸು · ಅದೇ ದಿನ

ಇಲ್ಲ, ಡಬ್ಬಿಯಲ್ಲಿ ಇಟ್ಟಿದ್ದೇನೆ, ಮೇಲೆ "24, ಹುಷಾರ್" ಅಂತ ಕನ್ನಡದಲ್ಲೇ ಬರೆದು. ವಿಳಾಸ ಒಳಪೆಟ್ಟಿಗೆಗೆ ಕಳಿಸಿ. ಪೋಸ್ಟ್ ಖರ್ಚು ನನ್ನದು. ಆದರೆ ಅವರಿಗೆ ಹೇಳಿ, ಹಾಕುವ ಮೊದಲು ಅರ್ಥ್ ನೋಡಿಕೊಳ್ಳಲಿ.